ಅಂಚಿನಲ್ಲಿ ಹಿಡಿಯಬೇಕು

ಗೋಣಿಯಲ್ಲಿ ಸಿಕ್ಕಿದ್ದು.
ಟಾಂಜಾನಿಯಾದ ಗೇರುಬೀಜ ಪಣಂಬೂರಿನಲ್ಲಿ ಇಳಿದು
ನಮ್ಮ ಫ್ಯಾಕ್ಟರಿಯ ಅಂಗಳಕ್ಕೆ ಸುರಿದಾಗ
ನಡುವೆ ಒಂದು ಬಿಲ್ಲೆ, ಕಪ್ಪು ಹಿಡಿದದ್ದು,
ಒಂದು ಬದಿಗೆ ಉಷ್ಟ್ರಪಕ್ಷಿ.
ಅಲ್ಲಿ ಗೋಣಿಯ ಬಾಯಿ ಹೊಲಿಯಲು ಬಗ್ಗಿದಾಗ
ಯಾರ ಕಿಸೆಯಿಂದ ಜಾರಿತೋ.

ಮನೆಗೆ ತಂದು ಹುಣಸೆಹುಳಿ ಹಾಕಿ ತಿಕ್ಕಿದೆ,
ಹಬ್ಬಕ್ಕೆ ದೀಪ ತಿಕ್ಕುವ ಹಾಗೆ.
ಚಿನ್ನದ ಹಾಗೆ ಆಯಿತು.
ಶನಿವಾರ ಸಂಬಳ ಆದ ಮೇಲೆ ಹಂಪನಕಟ್ಟೆಗೆ ಹೋದೆ,
ಗಡಿಯಾರ ರಿಪೇರಿಯವನ ಮೆಟ್ಟಿಲಡಿ
ಬೊನಿಫಾಸ್ ಪೊರ್ಬುಗಳ ನಾಣ್ಯದ ಗೂಡು.

ಕಣ್ಣಿಗೆ ಭೂತಗನ್ನಡಿ ಏರಿಸಿ ಒಮ್ಮೆ ನೋಡಿದರು.
"ತಿಕ್ಕಿದಿರಾ?"
"ಹೌದು. ಚೆಂದ ಆಯ್ತಲ್ವಾ?"
"ಕೊಂದಿರಿ. ಆ ಕಪ್ಪು ಕೊಳೆಯಲ್ಲ ಅಕ್ಕ, ಅದರ ಚರ್ಮ.
ಇನ್ನು ಇದಕ್ಕೆ ಗ್ರೇಡ್ ಇಲ್ಲ,
ತೊಳೆದದ್ದು ಅಂತ ಬರೆದು ಬದಿಗಿಡ್ತಾರೆ."

ಗ್ರೇಡ್! ನನಗೆ!
ಇಪ್ಪತ್ತೆರಡು ವರ್ಷ ಗ್ರೇಡಿಂಗ್ ಮೇಜಿನ ಮುಂದೆ ಕೂತವಳು ನಾನು.
ನೂರ ಎಂಬತ್ತು, ಇನ್ನೂರ ನಲ್ವತ್ತು, ಮುನ್ನೂರ ಇಪ್ಪತ್ತು,
ಹೋಳು, ತುಂಡು, ಬೇಬಿ ಬಿಟ್ಸ್,
ಕಣ್ಣು ಮುಚ್ಚಿದರೂ ಬೆರಳು ಬೇರೆ ಮಾಡ್ತದೆ.
ನಮ್ಮಲ್ಲಿ ಸೀದದ್ದಕ್ಕೆ ಸೀದದ್ದು ಅಂತಲೇ ಹೆಸರು.

ನಿಮ್ಮಲ್ಲಿ ಹಾಗಲ್ಲ, ಪೊರ್ಬುಗಳೇ.
ರಾಜನ ಮೂಗು ಹೋಗಿ ಕಿವಿ ಹೋಗಿ
ಇಲ್ಲೊಂದು ತಲೆ ಇತ್ತು ಅಂತ ಗುರುತು ಮಾತ್ರ ಉಳಿದರೆ
ಅದು ಗುಡ್ ಅಂತೆ.
ಚೂರು ಜೀವ ಇದ್ದರೆ ವೆರಿ ಗುಡ್.
ಫೈನ್ ಅಂದರೆ ಅರ್ಧ ಸವೆದದ್ದು.
(ಮಗಳು ಹಾಸ್ಟೆಲಿನಿಂದ ಫೋನಿನಲ್ಲಿ
"ಫೈನ್ ಅಮ್ಮ" ಅನ್ನುವುದು ಯಾವ ಫೈನೋ,
ಇನ್ನು ಸರಿಯಾಗಿ ಕೇಳಬೇಕು.)
ವೆರಿ ಫೈನಿಗೆ ಹುಬ್ಬು ಕಾಣಬೇಕು,
ಎಕ್ಸ್‌ಟ್ರಾ ಫೈನಿಗೆ ಹುಬ್ಬಿನ ಕೂದಲು.
ಒಂದೆರಡು ಕೈ ಮಾತ್ರ ದಾಟಿದ್ದಕ್ಕೆ ಎ.ಯು.
"ಒಂದು ಮದುವೆಗೆ ಉಟ್ಟು ಮಡಚಿಟ್ಟ ಸೀರೆ," ಅಂದೆ.
"ಅದೇ," ಅಂದರು.

"ಎತ್ತರ ಇದ್ದದ್ದು ಮೊದಲು ಸವೆಯುತ್ತದೆ,
ಕೆನ್ನೆ, ಕಿರೀಟ, ನಿಮ್ಮ ಹಕ್ಕಿಯ ತೊಡೆ.
ತಗ್ಗಿನಲ್ಲಿ ಕೂತ ಅಕ್ಷರ ಕೊನೆಗೆ."

ಆಮೇಲೆ ಬೀಗ ತೆಗೆದು ತೋರಿಸಿದರು
ಯಾರ ಕೈಗೂ ಹೋಗದ ಒಂದು ಬೆಳ್ಳಿ ರೂಪಾಯಿ.
ಅದರ ಕೆನ್ನೆಯಲ್ಲೂ ಗೀರು!
"ಅದು ಸವೆತವಲ್ಲ, ಬ್ಯಾಗ್ ಮಾರ್ಕ್.
ಟಂಕಸಾಲೆಯ ಚೀಲದಲ್ಲಿ ಒಂದಕ್ಕೊಂದು ತಾಗಿದ್ದು."
ಇದು ಅರ್ಥವಾಯಿತು. ಗೋಣಿಯ ಸಂಗತಿ ನನಗೆ ಯಾರೂ ಹೇಳಬೇಕಾಗಿಲ್ಲ.

ಕೈ ಚಾಚಿದೆ.
"ಅಂಚಿನಲ್ಲಿ! ಅಂಚಿನಲ್ಲಿ ಹಿಡಿಯಬೇಕು.
ಮೈಗೆ ತಾಗಿಸಬಾರದು,
ಬೆರಳಚ್ಚು ಕೂತರೆ ಮತ್ತೆ ಏಳುವುದಿಲ್ಲ."

ನಾನು ಬೆರಳುಗಳನ್ನು ಅವರ ಬಲ್ಬಿನ ಅಡಿಗೆ ಹಿಡಿದೆ.
ಮೇಜಿಗೆ ಬರುವ ಮೊದಲು ಒಂಬತ್ತು ವರ್ಷ
ಬೀಜ ಒಡೆಯುವ ಕೆಲಸ. ಸಿಪ್ಪೆಯ ಎಣ್ಣೆ.
ರೇಷನ್ ಅಂಗಡಿಯ ಮಿಷನ್ನಿಗೆ ನಾನು ನಾನೇ ಅಲ್ಲ,
ಹತ್ತೂ ಬೆರಳು ಒತ್ತಿದರೂ ಕೆಂಪು ಲೈಟು,
ಗಂಡನ ಹೆಬ್ಬೆಟ್ಟಿನಲ್ಲಿ ಅಕ್ಕಿ.

ಪೊರ್ಬುಗಳು ಭೂತಗನ್ನಡಿ ಇಳಿಸಲಿಲ್ಲ.
ನನ್ನ ತೋರುಬೆರಳನ್ನು ಬೆಳಕಿಗೆ ಓರೆ ಮಾಡಿ
ಅತ್ತ ಇತ್ತ ತಿರುಗಿಸಿ ನೋಡಿದರು.
"ಇದು ಯಾವ ಗ್ರೇಡ್?" ಕೇಳಿದೆ, ತಮಾಷೆಗೆ.
ಹೇಳಲಿಲ್ಲ.
ರೂಪಾಯಿಯನ್ನು ನನ್ನ ಅಂಗೈ ಮೇಲೆ ಮಲಗಿಸಿದರು.

ತಣ್ಣಗಿತ್ತು.
ಹೆಬ್ಬೆಟ್ಟಿನಿಂದ ಒತ್ತಿದೆ,
ಮಿಷನ್ನಿಗೆ ಒತ್ತುವುದಕ್ಕಿಂತ ಜೋರಾಗಿ.
ಎತ್ತಿ ಇಬ್ಬರೂ ನೋಡಿದೆವು.
ಏನೂ ಇಲ್ಲ.

ಉಷ್ಟ್ರಪಕ್ಷಿ ವಾಪಸು ಕೊಡುವಾಗ ಅಂದರು,
"ಇನ್ನು ತಿಕ್ಕಬೇಡಿ. ಬಿಟ್ಟರೆ ತಾನಾಗಿ ಕಪ್ಪಾಗ್ತದೆ.
ಇಲ್ಲಿಯ ಉಪ್ಪುಗಾಳಿಗೆ ಬೇಗ ಆಗ್ತದೆ."

ಬಸ್ಸಿನಲ್ಲಿ ಪರ್ಸಿನ ಚಿಲ್ಲರೆಗೆ ತಾಗಿ
ಅದು ಒಂದೇ ಸಮ ಶಬ್ದ ಮಾಡಿತು.
ಕಂಕನಾಡಿ ದಾಟುವಾಗ ಹೊರಗೆ ತೆಗೆದು
ಸೆರಗಿನ ತುದಿಗೆ ಕಟ್ಟಿದೆ.