ನಾನೂರ ಹನ್ನೆರಡನೆಯ ಪುಟ

ಸಾಸ್ಕಟೂನಿನಲ್ಲಿ ಮೈನಸ್ ಮೂವತ್ತೊಂದು.
ರಾತ್ರಿ ಹನ್ನೊಂದಕ್ಕೆ ಡಾರ್ಲಾ ಪೆಲ್ಟಿಯೇ
ಬೂಟು ಕಳಚದೆಯೇ ಕಂಪ್ಯೂಟರ್ ಮುಂದೆ ಕೂತಳು.
ಉತ್ತರದ ಸಣ್ಣ ಆಸ್ಪತ್ರೆಯಿಂದ ಅವಸರದ ಸಾಲು:
ಮಗು, ನಾಲ್ಕು ವರ್ಷ,
ಬೇಟೆ ಗುಡಿಸಲಿನ ಡಬ್ಬಿಯಿಂದ ಏನೋ ನುಂಗಿದೆ,
ಅರವತ್ತೊಂದರದೊಂದು ಲೇಖನ ಇದೆಯಂತೆ, ಸಿಕ್ಕೀತೇ?

ಅವಳ ಕಪಾಟಿನಲ್ಲಿಲ್ಲ. ಜಾಗ ಸಾಲದೆಂದು
ಆ ಸಂಪುಟಗಳನ್ನು ತೂಕಕ್ಕೆ ಹಾಕಿದ ವರ್ಷ
ರಸೀದಿಗೆ ಸಹಿ ಮಾಡಿದವಳೂ ಅವಳೇ.

ಸಂಘದ ಪಟ್ಟಿ ತೆಗೆದಳು.
ವರ್ಷಕ್ಕೊಮ್ಮೆ ಚಂದಾ, ಎರಡು ಸುತ್ತೋಲೆ, ಬಜೆಟ್ಟಿನ ಗೋಳು,
ಉಪಸಮಿತಿಗೂ ಒಂದು ಉಪಸಮಿತಿ,
ಇಷ್ಟೇ ಅಂದುಕೊಂಡಿದ್ದ ಸಂಘ.

ಹ್ಯಾಲಿಫ್ಯಾಕ್ಸಿನಲ್ಲಿ ಆಗಲೇ ಒಂದು ಗಂಟೆ.
ಫೋನೆತ್ತಿದ ಯೂವನ್ ಗಿಲಿಸ್
"ಯಾರು ಹೋದರು?" ಅಂದ.
"ಇನ್ನೂ ಯಾರೂ ಇಲ್ಲ," ಅಂದಳು.

ಪೈಜಾಮದ ಮೇಲೆ ಕೋಟು, ಜೇಬಲ್ಲಿ ಕೀಲಿಗೊಂಚಲು,
ನೆಲಮಾಳಿಗೆ.
ಜರುಗುವ ಕಪಾಟಿನ ಗಾಲಿ ತುಕ್ಕು ಹಿಡಿದಿತ್ತು,
ಭುಜ ಕೊಟ್ಟು ನೂಕಿದ. ಸೀನಿದ.
ನಾನೂರ ಹನ್ನೆರಡರಿಂದ ಹದಿನೈದು:
ಸ್ಕ್ಯಾನರಿನ ಹಸಿರು ಬೆಳಕಿನಲ್ಲಿ ಪುಟದಂಚಿಗೆ
ಅವನ ಹೆಬ್ಬೆರಳೂ ಬಿತ್ತು.

ಕಳಿಸಿದ್ದಕ್ಕೆ ಉತ್ತರ ಬಂತು: ಥ್ಯಾಂಕ್ಸ್.
ಅಷ್ಟೇ.

ಜೂನಿನಲ್ಲಿ ವಾರ್ಷಿಕ ಸಭೆ. ವಿನ್ನಿಪೆಗ್ಗಿನ ಹೋಟೆಲು,
ಆರಿದ ಕಾಫಿ, ಕತ್ತಿನಲ್ಲಿ ನೇತಾಡುವ ಹೆಸರುಗಳು, ಅವನದು ತಿರುವುಮುರುವು.
ಜರ್ನಲ್ಲುಗಳ ದರದ ಮೇಲೆ ಯಾರೋ ಗೊತ್ತುವಳಿ ಓದುತ್ತಿದ್ದಾಗ
ಪಕ್ಕದ ಕುರ್ಚಿಯವನ ಕೈ ಕಂಡಳು.
ಹೆಬ್ಬೆರಳ ಉಗುರಿಗೆ ಉದ್ದಕ್ಕೊಂದು ಸೀಳು.
ಅದೇ.

"ಮಗು?" ಎಂದು ಅವನೇ ಕೇಳಿದ.
ಗೊತ್ತಿಲ್ಲ ಅಂದಳು.
ಕೇಳುವಾಗ ಓಡಿ ಬರುತ್ತಾರೆ,
ಆಮೇಲಿನದನ್ನು ನಮಗೆ ಯಾರು ಹೇಳುತ್ತಾರೆ.

ಗೊತ್ತುವಳಿಗೆ ಕೈಯೆತ್ತಬೇಕಿತ್ತು.
ಇಬ್ಬರೂ ತಡವಾಗಿ ಎತ್ತಿದರು.
ಕಾರ್ಯದರ್ಶಿ ಮೊದಲಿನಿಂದ ಎಣಿಸಬೇಕಾಯಿತು.