ಮೋಡದ ನೆರಳು

ಚಿತ್ರದುರ್ಗದ ರೆಕಾರ್ಡ್ ರೂಮಿನಲ್ಲಿ
ಗುಮಾಸ್ತರು ತಮ್ಮ ಊಟದ ಟವೆಲ್ಲನ್ನೇ ಹಾಸಿ
ಗಾಜಿನ ಹಲಗೆ ಇಳಿಸಿದರು.
ಕಾವಲಿನ ತಕರಾರಿಗೆ ಕಾಗದ ಹುಡುಕಿ ಬಂದವಳು ನಾನು;
ಸಿಕ್ಕಿದ್ದು ಇದು.
ಕಿಟಕಿಗೆ ಹಿಡಿದು ತೋರಿಸಿದರು.

ಗಾಜಿನೊಳಗೆ ಎಲ್ಲ ತಿರುವುಮುರುವು.
ಹಗಲಿನ ಆಕಾಶ ಕಾಡಿಗೆ ಕಪ್ಪು,
ಬಂಡೆಯ ಸಂದು ಬಿಳಿ,
ಅಳತೆಗೋಲು ಹಿಡಿದ ಕ್ಯಾತಯ್ಯ, ಸಿರಿಯಜ್ಜಿಯ ತಾತ,
ಸುಣ್ಣ ಬಳಿದ ಹಾಗೆ ಬೆಳ್ಳಗೆ,
ನಿಲ್ಲಿಸಿದ ದೊರೆಗಿಂತಲೂ ಬೆಳ್ಳಗೆ.

ಆ ದೊರೆಯ ಕಥೆ ಅಜ್ಜಿ ಹೇಳುತ್ತಿದ್ದಳು.
ಎರಡು ಗಾಡಿ ಸಾಮಾನು, ಒಂದು ಕರಿ ಗುಡಾರ,
ಕುಡಿಯಲು ನೀರಿಲ್ಲದ ಚೈತ್ರದಲ್ಲಿ
ಗಾಜು ತೊಳೆಯಲು ಎಂಟು ಕೊಡ.
ಬೆರಳ ತುದಿ ಗೇರೆಣ್ಣೆ ಹತ್ತಿದಂತೆ ಕಪ್ಪು;
ಗುಡಾರದ ವಾಸನೆಗೆ
ನಾಯಿ ಕೂಡ ದೂರ ಹೋಗಿ ಮಲಗಿತ್ತಂತೆ.
"ಅಲ್ಲಾಡಬ್ಯಾಡ, ಇಪ್ಪತ್ತು ಎಣಿಸೋತನಕ
ರೆಪ್ಪೆ ಬಡೀಬ್ಯಾಡ ಅಂದ್ರು.
ನಮ್ಮ ತಾತ ಕಲ್ಲಾದ.
ಕುರಿಗೆ ಯಾರು ಹೇಳಿದ್ರು?"

ನಮ್ಮವು ಕರಿ ಕುರಿ. ಮೇಯುತ್ತ ನಡೆದವು.
ಒಣ ಕರಡ ಓಲಾಡಿತು.
ಹಟ್ಟಿಯ ಹೆಂಗಸರು ಕೊಡ ಹೊತ್ತು ದಾಟಿದರು.
ಚಲಿಸಿದ್ದು ಯಾವುದನ್ನೂ ಗಾಜು ನಂಬಲಿಲ್ಲ.

ಲಕೋಟೆಯ ಮೇಲಿನ ಓರೆ ಇಂಗ್ಲಿಷನ್ನು
ಗುಮಾಸ್ತರು ಕನ್ನಡ ಮಾಡಿದರು:
ಚಳ್ಳಕೆರೆಯ ಮೂಡಲಿಗೆ ಪಾಳು ನೆಲ. ವಸತಿ ಇಲ್ಲ.
ಅಳತೆ ತೋರಿಸಲು ಒಬ್ಬ ಆಳು.
ಎಡಕ್ಕೆ ಮೋಡದ ನೆರಳು.

ಈ ಪಟದ ನಕಲು ಬೆಂಗಳೂರಿಗೆ ಹೋಯಿತು, ಮದರಾಸಿಗೆ,
ಆಮೇಲೆ ಹಡಗು ಹತ್ತಿ ಯಾವುದೋ ಮೇಜಿಗೆ.
ನೋಡಿದವರಿಗೆಲ್ಲ ಖಾಲಿ ಕಂಡಿತು.
ಖಾಲಿ ಕಂಡರೆ ಕೆಲವರ ಕೈ ತುರಿಸುತ್ತದೆ.
ಮೊದಲು ಸರ್ವೆ ಸರಪಳಿ ಬಂತು, ಗಡಿಕಲ್ಲು ಬಂತು,
ತಂತಿ ಬಂತು.
ತಂತಿ ಮಾತ್ರ ಇನ್ನೂ ಬರುತ್ತಲೇ ಇದೆ,
ಹೋದ ವಾರವೂ ಒಂದು ಲಾರಿ.

"ಸಾರ್, ಆಕಾಶ ನೋಡಿ," ಅಂದೆ.
"ಮೂಲೆಯಿಂದ ಮೂಲೆಗೆ ಒಂದೇ ಬಣ್ಣ.
ಮೋಡವೇ ಇಲ್ಲದೆ ನೆರಳು ಎಲ್ಲಿಂದ ಬಿತ್ತು?"
ಕನ್ನಡಕ ಏರಿಸಿದರು, ಇಳಿಸಿದರು, ಒರೆಸಿದರು.
ಆ ನೆರಳಿನ ಅಂಚಿನಲ್ಲಿ
ಒಂದು ಮರಿ ತಾಯಿ ಎಲ್ಲೆಂದು ನಿಂತಿರಬೇಕು,
ಇಪ್ಪತ್ತು ಎಣಿಸುವಷ್ಟು:
ಎರಡು ಕಿವಿ ಸ್ಪಷ್ಟವಾಗಿ ಮೂಡಿವೆ.

ನಕಲಿಗೆ ಅರ್ಜಿ ಬರೆದೆ.
ವಿವರ ಎಂಬಲ್ಲಿ, ಕುರಿ.
"ಎಷ್ಟು ಅಂತ ಹಾಕಬೇಕಲ್ಲ," ಅಂದರು ಗುಮಾಸ್ತರು,
ಗಾಜನ್ನು ಮತ್ತೆ ಬೆಳಕಿಗೆ ಎತ್ತುತ್ತ.
ಆ ಕಿವಿಗಳಿಂದ ಶುರು ಮಾಡಿದೆ.
ಒಂದು.