ಹೊಟ್ಟೆಗೆ ಹಾಕಿಕೊಂಡದ್ದು

ಊರು ಮಲಗಿದ ಮೇಲೆ ಊರಿನ ಹೊಟ್ಟೆ ಎಚ್ಚರಾಗುತ್ತದೆ.
ನನಗೆ ಗೊತ್ತು, ರಾತ್ರಿ ಪಾಳಿಯವನು ನಾನು,
ಅಂಕುಶ ದುರ್ಗೇಕರ. ಪಂಪು ಒಂದು, ಪಂಪು ಎರಡು,
ಮೂರನೆಯದು ರಿಪೇರಿಗೆ ಹೋದದ್ದು ಬಂದಿಲ್ಲ.

ಕಾಜುಬಾಗದ ಬಚ್ಚಲು, ಕೋಡಿಬಾಗದ ಲಾಡ್ಜು,
ಸಾಹೇಬರ ಬಂಗಲೆಯ ಬಿಳಿ ಕಮೋಡು,
ಎಲ್ಲ ಒಂದೇ ಪೈಪಿನಲ್ಲಿ ಇಳಿದು ಬರುತ್ತವೆ.
ಇಲ್ಲಿ ಯಾರೂ ಕೇಳುವುದಿಲ್ಲ, ಯಾರದೆಂದು.
ಜಾಳಿಗೆಗೆ ಸಿಕ್ಕಿದ್ದನ್ನು ಮಾತ್ರ ನಾನು ಎತ್ತುತ್ತೇನೆ:
ಶಾಂಪೂ ಚೀಟಿ, ಕಾಲ್ಗೆಜ್ಜೆಯ ಒಂದು ತಿರುಪು,
ಒಮ್ಮೆ ಹಲ್ಲಿನ ಸೆಟ್ಟು, ನಗುತ್ತಾ.

ನೀರು ತಿಳಿಯಾಗಿ ಆಚೆ ಹೋಗುತ್ತದೆ.
ತಳದಲ್ಲಿ ಉಳಿದ ಕರಿ ರಾಡಿ ಗುಮ್ಮಟದ ಟ್ಯಾಂಕಿಗೆ.
ಗಾಳಿಯಿಲ್ಲ, ಬೆಳಕಿಲ್ಲ, ಮೈಬಿಸಿಯಷ್ಟೇ ಕಾವು.
ಒಳಗಿನವರನ್ನು ಕಂಡವರಿಲ್ಲ.
ಉಣ್ಣುತ್ತಾರೆ, ಉಸಿರು ಬಿಡುತ್ತಾರೆ,
ಆ ಉಸಿರೇ ನಮಗೆ ಬೇಕಾದ್ದು.

ಬರೀ ಊರಿನ ರಾಡಿಯಲ್ಲಿ ಕಸುವಿಲ್ಲ ಅಂದರು ಇಂಜಿನಿಯರ್ ಮೇಡಂ,
ಒಮ್ಮೆ ಉಂಡು ಬಿಟ್ಟದ್ದಲ್ಲವೇ, ಸತ್ವ ಎಲ್ಲಿಂದ?
ಜೊತೆಗೆ ಏನಾದರೂ ಕಲಸಬೇಕು.
ಹಾಗೆ ಬರತೊಡಗಿತು ಚಂದ್ರಭಾಗಾ ಹರಿಕಂತ್ರಳ ಟೆಂಪೋ:
ಮೀನುಪೇಟೆಯ ಕರುಳು, ಕಿವಿರು, ಬಂಗಡೆಯ ತಲೆ,
ಸಿಗಡಿ ಸಿಪ್ಪೆ (ತೆಗೆ, ಅದು ಕರಗುವುದಿಲ್ಲ ಎಂದು ಬೈದೆ),
ಹೋಟೆಲಿನ ಹಳಸಿದ ಅನ್ನ.
ಮೊದಲು ಇವನ್ನೆಲ್ಲ ಕಡಲಿಗೆ ಎಸೆಯುತ್ತಿದ್ದರು,
ಉಬ್ಬರಕ್ಕೆ ತಿರುಗಿ ಬರುತ್ತಿದ್ದವು, ಮನೆಯ ಗುರುತು ಹಿಡಿದು.

ವೈಶಾಖದಲ್ಲಿ ತಪ್ಪಾಯಿತು.
ಒಂದೇ ವಾರ ಏಳು ಮದುವೆ. ಮಂಟಪದ ಹಿಂಬಾಗಿಲಿಂದ
ಅನ್ನ, ಜಿಲೇಬಿಯ ಪಾಕ, ಕರಿದ ಎಣ್ಣೆ, ಬಕೆಟ್ಟು ಬಕೆಟ್ಟು.
ಆಸೆಬಿದ್ದೆ. ಗ್ಯಾಸು ಜಾಸ್ತಿ ಬರಲಿ ಅಂತ
ನಾಲ್ಕು ದಿನದ್ದನ್ನು ಒಂದೇ ರಾತ್ರಿ ಹೊಯ್ದೆ.
ಮೂರನೆಯ ದಿನ ಟ್ಯಾಂಕು ನೊರೆ ಕಾರಿತು.
ಕಾಗದ ಅದ್ದಿ ನೋಡಿದರೆ ಹುಳಿ, ಹುಣಸೆಯಂಥ ಹುಳಿ.
ಒಲೆಯ ಉರಿ ಹಳದಿಯಾಗಿ, ನಡುಗಿ, ಆರಿತು.

ಮೇಡಂ ಬೈಯಲಿಲ್ಲ; ಅದೇ ಕಷ್ಟವಾಯಿತು.
ಊಟ ನಿಲ್ಲಿಸು, ಸುಣ್ಣ ಹಾಕು, ಕಾಯಿ, ಅಂದರು.
ಚಂದ್ರಭಾಗಾ ಗುಮ್ಮಟಕ್ಕೆ ಕಿವಿ ಹಚ್ಚಿ ನಿಂತಳು,
"ಅಜೀರ್ಣ, ಮಾರಾಯ. ಮದುವೆ ಊಟ ಯಾರನ್ನ ಬಿಟ್ಟಿದೆ?"
ಮರುದಿನ ಎರಡು ಕೊಡ ಸಗಣಿ ನೀರು ತಂದಳು
ಮುದಗಾದ ತಂಗಿಯ ಕೊಟ್ಟಿಗೆಯಿಂದ.
"ಬಾಣಂತಿಗೆ ಕೊಟ್ಟ ಹಾಗೆ. ಚೂರು ಚೂರು."

ಹನ್ನೊಂದು ದಿನ.
ಅಷ್ಟೂ ದಿನ ಕರುಳು ಗುಂಡಿಗೆ ಹೋಯಿತು,
ಹದ್ದುಗಳು ಸುಖವಾಗಿದ್ದವು.
ಮನೆಯಲ್ಲಿ ಹೆಂಡತಿ ಅನ್ನ ಬಡಿಸುವಾಗ
ನಾನು ಲೆಕ್ಕ ಹಾಕುತ್ತಿದ್ದೆ: ಇಷ್ಟು ತುತ್ತಿಗೆ ಎಷ್ಟು ಉರಿ.

ಹನ್ನೆರಡನೆಯ ರಾತ್ರಿ ಮೀಟರಿನ ಮುಳ್ಳು
ಕೂದಲೆಳೆಯಷ್ಟು ಮೇಲೆದ್ದಿತು.
ಕಡ್ಡಿ ಗೀರಿದೆ.
ನೀಲಿ.
ಕಾಳಿ ನದಿ ಕಡಲು ಸೇರುವಲ್ಲಿ
ಪ್ರವಾಸಿಗರು ಫೋಟೋ ಹಿಡಿಯುವ ನೀಲಿಯಲ್ಲ,
ಬಾಡಿಗೆ ಮನೆಯ ಸ್ಟೋವಿನ ನೀಲಿ. ಅಷ್ಟೇ. ಸಾಕು.

ಚಹಾ ಕಾಸಿದೆವು. ವಾಚ್‌ಮನ್ ಪುರ್ಸು ಲೋಟ ಹಿಡಿಯಲಿಲ್ಲ:
"ಎಂಥದರ ಮೇಲೆ ಕಾಸಿದ್ದೋ ಏನೋ."
ಚಂದ್ರಭಾಗಾಳ ನಗು ಅರ್ಧಕ್ಕೇ ನಿಂತಿತು.
"ಬುಟ್ಟಿ ಹೊತ್ತು ಬಸ್ಸು ಹತ್ತಿದರೆ
ಮೂವತ್ತು ವರ್ಷ ಜನ ಸರಿದು ಕೂತಿದ್ದಾರೆ.
ವಾಸನೆ ಅಂದರೆ ಏನು ಅಂತ ನನಗೆ ಹೇಳಬೇಡ.
ಬೆಂಕಿಯನ್ನು ಮೂಸಿ ನೋಡು."
ಅವನು ಬಗ್ಗಿದ. ಮೂಸಿದ. ಏನೂ ಹೇಳಲಿಲ್ಲ.
ಚಹಾ ಮಾತ್ರ ಕುಡಿದಿಲ್ಲ, ಇವತ್ತಿಗೂ.

ಇರಲಿ.
ದೊಡ್ಡವರ ಮುಂದೆ ತಲೆ ತಗ್ಗಿಸಿ ಹೇಳುತ್ತೇವಲ್ಲ,
ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ ಅಂತ.
ಆ ಮಾತು ಇಷ್ಟು ನಿಜವಾದದ್ದು ಎಂದು
ಮೊದಲು ಹೇಳಿದವನಿಗೂ ಗೊತ್ತಿದ್ದಿರಲಿಕ್ಕಿಲ್ಲ.
ಪಾಳಿ ಮುಗಿಸಿ ಹೊರಡುವಾಗ
ಗುಮ್ಮಟದ ಬೆಚ್ಚನೆ ಸಿಮೆಂಟಿನ ಮೇಲೆ ಅಂಗೈ ಇಡುತ್ತೇನೆ.

ಊರು ಆಗಲೇ ಏಳುತ್ತಿರುತ್ತದೆ.
ಎಲ್ಲೋ ಒಂದು ಫ್ಲಶ್ಶು.
ಪಂಪು ಒಂದು ಗುರುಗುಟ್ಟುತ್ತದೆ, ಪಂಪು ಎರಡು.
ಮೂರನೆಯದು ಇನ್ನೂ ಬಂದಿಲ್ಲ.